ಮೂರೂವರೆ ಮಿಲಿಮೀಟರ್

ಹನ್ನೊಂದು ವರ್ಷದಿಂದ ಚಾಕಣದಲ್ಲಿ ನನ್ನ ಕೆಲಸ
ಬಾಗಿಲು ಮುಚ್ಚುವುದು.
ಮುಚ್ಚಿ, ಕೇಳುವುದು.
ಡಬ್ ಅಂದರೆ ಮುಂದಕ್ಕೆ,
ಡಣ್ ಅಂದರೆ ಬದಿಗೆ.
ಬಾಗಿಲಿಗೂ ಕಂಬಕ್ಕೂ ನಡುವೆ ಮೂರೂವರೆ ಮಿಲಿಮೀಟರ್ ಸಂದು;
ತೆಳು ಉಕ್ಕಿನ ಪಟ್ಟಿ ತೂರಿಸಿ ನೋಡಿ
ರಬ್ಬರಿನ ಒಳಗೆ, ಯಾರಿಗೂ ಕಾಣದ ಕಡೆ,
ಹಳದಿ ಪೆನ್ನಿನಲ್ಲಿ ಒಂದು 'ಮ'.
ಲೈನಿನವರು ಅದನ್ನು ಜಿಲೇಬಿ ಅನ್ನುತ್ತಾರೆ.

ದಿನಕ್ಕೆ ನಾನೂರು ಬಾಗಿಲು ಮುಚ್ಚಿ
ಸಂಜೆ ಸ್ಕೂಟಿ ಏರಿ ಭೋಸರಿಗೆ ಮರಳುವವಳಿಗೆ
ಬಾಗಿಲೇ ಇರಲಿಲ್ಲ.

ಈಗ ಇವೆ. ಡಿಕ್ಕಿ ಸೇರಿಸಿದರೆ ಐದು.
ಕೆಂಪು ಜಿಟಿ, ಸೆಕೆಂಡ್ ಹ್ಯಾಂಡ್, ಅರವತ್ತೆರಡು ಸಾವಿರ ಓಡಿದ್ದು,
ನಮ್ಮ ಹಳೆಯ ಲೈನಿನದೇ ಕೂಸು.
ಹಿಂದಿನ ಯಜಮಾನ ವಾಕಡದ ಹಲ್ಲಿನ ಡಾಕ್ಟರು,
ಸೀಟಿನಡಿ ಬಿಟ್ಟುಹೋದದ್ದು ಒಂದು ಲವಂಗ.

ನಿಶಾತ್ ಮುಜಾವರಳದು ಬಿಳಿ ಫಿಗೋ, ಡೀಸೆಲ್.
ನಿಪ್ಪಾಣಿಯವಳು, ಪೇಂಟ್ ಶಾಪಿನವಳು,
ಯಾರ ಕಾರು ಕಂಡರೂ ಮೊದಲು ಬೆರಳಿಟ್ಟು ಬಣ್ಣದ ದಪ್ಪ ಹೇಳುವವಳು.
"ನಿಂದು ಬರೇ ಸೂಟು ಬೂಟು" ಅನ್ನುತ್ತಾಳೆ.
"ನಿಂದು ಟ್ರ್ಯಾಕ್ಟರಿನ ತಂಗಿ" ಅನ್ನುತ್ತೇನೆ.
ವಡಾ ಕಟ್ಟಿಕೊಟ್ಟ ಕಾಗದದ ಮೇಲೆ ನಡುವೆ ಗೆರೆ ಎಳೆದು
ಅತ್ತ ಅವಳದು, ಇತ್ತ ನನ್ನದು:
ತೂಕ, ಟಾರ್ಕು, ಟೈರು, ವಿಮೆ,
ಊರಿಗೆ ಹೋದರೆ ಚಿಕ್ಕಮ್ಮ ಏನಂತಾಳೆ.
ಕೊನೆಯ ಸಾಲಿನಲ್ಲಿ ಇಬ್ಬರೂ ಸೋತೆವು.
"ಇಷ್ಟು ರೊಕ್ಕಕ್ಕ ಇದಕ್ಕಿಂತ ದೊಡ್ಡದು ಬರತಿತ್ತಲ್ಲವಾ?"

ಭಾನುವಾರ ನಸುಕಿನಲ್ಲಿ ಮಾಳಶೇಜ್ ಘಾಟು.
ನಾರಾಯಣಗಾಂವದ ಟೊಮೇಟೊ ಲಾರಿಗಳು
ಕಣ್ಣಿಗೆ ದೀಪ ಚೆಲ್ಲುತ್ತ ಎದುರು ಬರುವ ಹೊತ್ತು.
ಓತೂರು ದಾಟಿದ ಮೇಲೆ ಕೀಲಿ ಬದಲಿಸಿಕೊಂಡೆವು.

ಅವಳ ಕಾರು ಮೊದಲು ನನ್ನನ್ನು ಬೈಯಿತು.
ಕ್ಲಚ್ಚು ಗಡಸು, ಸ್ಟೇರಿಂಗಿಗೆ ದಾಕ್ಷಿಣ್ಯವಿಲ್ಲ,
ರಸ್ತೆಯ ಒಂದೊಂದು ತೇಪೆಯನ್ನೂ ಅಂಗೈಗೆ ಓದಿ ಹೇಳುತ್ತದೆ.
ಎರಡನೇ ತಿರುವಿಗೆ ಮೂರರಿಂದ ಎರಡಕ್ಕೆ ಇಳಿಸಿದೆ.
ಎಂಜಿನ್ನು ಕೊರಳೆತ್ತಿತು,
ಹೆಗಲು ತಾನಾಗಿ ಒಳಕ್ಕೆ ವಾಲಿತು.
ನನ್ನದಕ್ಕೆ ಏಳು ಗೇರು, ಒಂದನ್ನೂ ನನ್ನ ಕೇಳಿ ಹಾಕುವುದಿಲ್ಲ.
ಯಾರೋ ಮಡಿಚಿಕೊಟ್ಟ ಎಲೆಯನ್ನೇ ಜಗಿಯುತ್ತ ಬಂದವಳಿಗೆ
ಸುಣ್ಣ ಎಷ್ಟೆಂದು ಅವತ್ತು
ಬೆರಳಿಗೇ ಗೊತ್ತಾದ ಹಾಗೆ.

ಇಳಿದು, "ಪರವಾಗಿಲ್ಲ" ಅಂದೆ.
ಸುಳ್ಳಿಗೂ ಒಂದು ಟಾಲರೆನ್ಸ್ ಇರುತ್ತದೆ.

ಅವಳು ಜಿಟಿಯಿಂದ ಇಳಿದು ಬಾಗಿಲು ಮುಚ್ಚಿದಳು, ಡಬ್.
ಮತ್ತೆ ತೆರೆದು ಮತ್ತೆ ಮುಚ್ಚಿ
"ಇದೊಂದಕ್ಕ ಒಪ್ಪಿದೆ" ಅಂದಳು.
"ಆದರ ಮಹಾನಂದಾ,
ಎಂಬತ್ತು ದಾಟಿದರ ಎಡಗಡೆ ಹಿಂದ
ಯಾರೋ ಸೀಟಿ ಹೊಡೀತಾರಲ್ಲ?"

ಗೊತ್ತಿತ್ತು.
ಕೊಂಡ ವಾರವೇ ಗೊತ್ತಿತ್ತು.
ಅದಕ್ಕೇ ಎಪ್ಪತ್ತೆಂಟಕ್ಕೆ ನಿಲ್ಲಿಸುತ್ತಿದ್ದೆ,
ರೇಡಿಯೋ ಹಚ್ಚುತ್ತಿದ್ದೆ.

ಮಂಜಿನಲ್ಲಿ ಮೊಳಕಾಲೂರಿ ಹಿಂದಿನ ಬಾಗಿಲ ರಬ್ಬರು ಎಬ್ಬಿಸಿದೆ.
'ಮ' ಸಿಗಲೆಂದು ಒಂದು ಮನಸ್ಸು,
ದೇವರೇ ಸಿಗದಿರಲೆಂದು ಇನ್ನೊಂದು.
ಸಿಕ್ಕಿದ್ದು ನೀಲಿ ಪೆನ್ನಿನ ಎರಡು ಗೀಟು.
ಘೋರ್ಪಡೆ. ರಾತ್ರಿಪಾಳಿ.
ಪರ್ಸಿನಲ್ಲಿದ್ದ ಪಟ್ಟಿ ತೂರಿಸಿದೆ:
ನಾಲ್ಕು. ಬರೋಬ್ಬರಿ ನಾಲ್ಕು.
ಇದೇ ಅರ್ಧ ಮಿಲಿಮೀಟರಿಗಾಗಿ ನಾನು
ಮೇಲಿನವರಿಗೆ ಮೂರು ಸಲ ಕಾಗದ ಬರೆದದ್ದು.
"ಚಾಲತಯ್" ಅನ್ನುತ್ತಿದ್ದ, ಸೀಟಿ ಹೊಡೆಯುತ್ತ,
ಪಾಳಿ ಬದಲಾಗುವಾಗ ಥರ್ಮಾಸಿನಲ್ಲಿ ಅರ್ಧ ಚಹಾ
ನನಗೆಂದು ಉಳಿಸಿರುತ್ತಿದ್ದ.
ಈಗ ಸಾಸವಡದಲ್ಲಿ ಅಂಜೂರದ ತೋಟ ನೋಡಿಕೊಂಡಿದ್ದಾನಂತೆ.

"ಸರಿ ಮಾಡೋದಿಲ್ಲೇನು?" ಕೇಳಿದಳು ನಿಶಾತ್.
ಪಾನಾ ಡಿಕ್ಕಿಯಲ್ಲೇ ಇತ್ತು. ಅರ್ಧ ಸುತ್ತಿನ ಕೆಲಸ.
ರಬ್ಬರು ಒತ್ತಿ ಕೂರಿಸಿದೆ.

ಮರಳುವಾಗ ಎಂಬತ್ತೈದು, ರೇಡಿಯೋ ಬಂದ್.
ಕನ್ನಡಿಯಲ್ಲಿ ಬಿಳಿ ಫಿಗೋ ಹತ್ತಿರ, ದೂರ, ಹತ್ತಿರ.
ಸೀಟು ಇನ್ನೂ ಅವಳ ಅಳತೆಗೇ ಇತ್ತು, ಎರಡು ಹಲ್ಲು ಹಿಂದೆ;
ಚಾಕಣದವರೆಗೂ
ಕಾಲು ಚಾಚಿ ಚಾಚಿ ಓಡಿಸಿದೆ.