ನಾಳೆ ಬೇಲದಟ್ಟಿಗೆ

ಶೂ ಹೊಸದು ಅಂತ ಸಂಭ್ರಮಪಡಬೇಡ, ತೇನ್ಮೊಳಿ,
ಹೊಸ ಶೂ ಸತ್ಯಮಂಗಲದ ಬಸ್ ಸ್ಟ್ಯಾಂಡಿಗೆ.
ಬೆಟ್ಟಕ್ಕೆ ನನ್ನ ಹಳೆಯದನ್ನು ಹಾಕಿಕೋ,
ಒಂದು ಸೈಜು ದೊಡ್ಡದು, ಇರಲಿ,
ಎರಡು ಜೊತೆ ಕಾಲುಚೀಲ ತುಂಬಿದರೆ ಸರಿಹೋಗುತ್ತದೆ.
ಬೆರಳು ಆಡುವಷ್ಟು ಜಾಗ ಬೇಕು,
ಆಡದ ಬೆರಳಿಗೇ ಮೊದಲು ಚಳಿ ಹತ್ತುವುದು.
ಉಗುರು ಕತ್ತರಿಸಿದೆಯಾ? ಇವತ್ತೇ ಕತ್ತರಿಸು,
ಇಳಿಜಾರಿನಲ್ಲಿ ಅವು ನಿನ್ನ ಕೇಳದೆ ಮುಂದೆ ನುಗ್ಗುತ್ತವೆ.

ತಾಳವಾಡಿಗೆ ಬಂದು ನಿನಗೆ ಮೂರು ವಾರ.
ಬಯಲಿನ ಹುಡುಗಿ, ಗೋಬಿಯವಳು,
ಧನುರ್ಮಾಸದ ಬೆಳಗ್ಗೆ ಬಾಗಿಲು ತೆರೆದು
‘ಪನಿ ಅಕ್ಕಾ, ಪನಿ’ ಅಂತ ಮತ್ತೆ ಮುಚ್ಚುತ್ತೀ.
ನಿಮ್ಮ ಪನಿ ಅಂದರೆ ಮಂಜು.
ನಮ್ಮ ಬಾಯಿಗೆ ಬರುವಾಗ ಅದು ಹನಿಯಾಗಿದೆ,
ಯಾವಾಗ, ಯಾವ ಘಟ್ಟ ಹತ್ತುವಾಗ ಆಯಿತೋ.
ನಾಳೆ ನಾವು ಹೊತ್ತೊಯ್ಯುವುದೂ ಅದನ್ನೇ,
ಕೂಸಿಗೆ ಎರಡೆರಡು.

ದಪ್ಪ ಸ್ವೆಟರ್ ಒಂದೇ ಸಾಕು ಅನ್ನಬೇಡ.
ತೆಳುವಾದವು ಮೂರು ಇರಲಿ, ಈರುಳ್ಳಿಯ ಹಾಗೆ.
ಏರು ಶುರುವಾಗುವ ಮೊದಲೇ ಒಂದು ಬಿಚ್ಚು,
ಬೆವರಿದ ಮೇಲೆ ಬಿಚ್ಚಿದರೆ ತಡವಾಯಿತು.
ನಿಂತ ತಕ್ಷಣ ಹಾಕಿಕೋ.
ನನಗೆ ಇದನ್ನು ಕಲಿಸಿದ್ದು ತರಬೇತಿಯಲ್ಲ.
ಆ ವರ್ಷ ಹಳ್ಳ ದಾಟಿ, ಮೊಣಕಾಲ ತನಕ ನೆನೆದು,
ಬಂಡೆಯ ಮೇಲೆ ಒಂದು ಗಳಿಗೆ ಕೂತೆ.
ನಡುಕ ನಿಂತಿತು. ಹಾಯೆನಿಸಿತು. ಕಣ್ಣು ಎಳೆಯಿತು.
ಸೌದೆಗೆ ಬಂದ ಕೇತನ ಅತ್ತೆ
ನೋಡಿದವಳೇ ಕೆನ್ನೆಗೆ ಒಂದು ಬಿಟ್ಟಳು,
ಸರ್ಕಾರಿ ನರ್ಸಮ್ಮ ಅಂತ ನೋಡಲಿಲ್ಲ.
ಒದ್ದೆ ಸೀರೆ ಬಿಚ್ಚಿಸಿ, ತನ್ನ ಕಂಬಳಿ ಸುತ್ತಿ,
ಗುಡಿಸಲಿಗೆ ದಬ್ಬಿಕೊಂಡು ಹೋಗಿ
ಬಿಸಿ ರಾಗಿ ಅಂಬಲಿ ಬಾಯಿಗೆ ಹಿಡಿದಳು.
ಅದಕ್ಕೇ ಈಗ ಸೀರೆಯಿಲ್ಲ, ಚೂಡಿದಾರ.
ಒಣ ಕಾಲುಚೀಲ ಪ್ಲಾಸ್ಟಿಕ್ ಕವರಿನಲ್ಲಿ, ಕವರಿಗೆ ಗಂಟು.

ಕಡ್ಲೆಕಾಯಿ, ಬೆಲ್ಲ ನನ್ನ ಚೀಲದಲ್ಲಿದೆ.
ನೀರು ನಿನ್ನದು ನೀನೇ ಹೊರು.
ಚಳಿಯಲ್ಲಿ ಬಾಯಾರಿಕೆ ಸುಳ್ಳು ಹೇಳುತ್ತದೆ,
ಬೇಡವೆನಿಸಿದರೂ ತಿರುವಿಗೊಂದು ಗುಟುಕು.
ಪೊದೆ ಹುಡುಕಬೇಕಲ್ಲ ಅಂತ
ನೀರೇ ಕುಡಿಯದೆ ನಡೆಯುತ್ತೇವಲ್ಲ ನಾವು ಹೆಂಗಸರು,
ಆ ಬುದ್ಧಿ ಬೇಡ. ನಾನು ಕಾವಲು ನಿಲ್ಲುತ್ತೇನೆ.
ಟಾರ್ಚಿನ ಸೆಲ್ಲು ಬಿಚ್ಚಿ ದಿಂಬಿನ ಕೆಳಗಿಡು,
ಅವಕ್ಕೂ ಶೀತವಾಗುತ್ತದೆ.

ಕೇತ ಐದಕ್ಕೇ ಬರುತ್ತಾನೆ, ಆದರೆ ಹೊರಡುವುದಿಲ್ಲ.
ಬೀಡಿ ಹಚ್ಚಿ ಜಗಲಿಯಲ್ಲಿ ಕೂತು
ಆಗಾಗ ಅಂಗೈ ಬಿಚ್ಚಿ ನೋಡಿಕೊಳ್ಳುತ್ತಾನೆ.
ಗೆರೆ ಕಾಣುವ ತನಕ ಕಾಡಿಗೆ ಕಾಲಿಡುವಂತಿಲ್ಲ.
ಮಂಜಿನಲ್ಲಿ ಆನೆಯೂ ಮಂಜೇ.
ಅವನು ನಿಂತರೆ ನಿಲ್ಲು. ಯಾಕೆ ಅಂತ ಸಂಜೆ ಕೇಳು.
ನಾಲ್ಕರೊಳಗೆ ನಾವು ಬಾರದಿದ್ದರೆ
ಯಾರಿಗೆ ಫೋನು ಮಾಡಬೇಕೆಂದು
ಕಾಂಪೌಂಡರ್ ಪುಟ್ಟಬಸವನಿಗೆ ಬರೆದುಕೊಟ್ಟಿದ್ದೇನೆ.
ಇನ್ನು ಮಲಗು.

ಮಲಗಿದಳು. ಕರೆಂಟು ಹೋಗಿ, ಬಂತು.
ಎದ್ದು ಐಸ್ ಪ್ಯಾಕುಗಳನ್ನು ಮುಟ್ಟಿ ನೋಡಿದೆ, ಕಲ್ಲಾಗಿವೆ.
ವಿಚಿತ್ರ ಕೆಲಸ ನಮ್ಮದು.
ಮೈಗೆ ಮೂರು ಪದರ ಸುತ್ತಿ ಬೆಚ್ಚಗಿಡುವುದು,
ಹೆಗಲ ಡಬ್ಬದೊಳಗೆ ನಾಲ್ಕು ಗೋಡೆ ಚಳಿ ಕಟ್ಟುವುದು.
ಸೀಸೆಯ ಮೇಲಿನ ಪುಟ್ಟ ಚೌಕ
ಬೇಲದಟ್ಟಿ ತಲುಪುವ ತನಕ ಬಿಳಿಯಾಗೇ ಇರಬೇಕು.

ರಿಜಿಸ್ಟರಿನಲ್ಲಿ ಹದಿನಾಲ್ಕು ಹೆಸರು.
ಹದಿನಾಲ್ಕನೆಯದು ಹೆಸರಲ್ಲ,
‘ಕೂಸು, ಹೆಣ್ಣು, ಇಪ್ಪತ್ತು ದಿನ’.
ತಣ್ಣನೆಯ ಹನಿ ನಾಲಗೆಗೆ ಬಿದ್ದಾಗ
ಮುಖ ಕಿವುಚಿ, ಬೈದಂತೆ ನನ್ನನ್ನೇ ನೋಡುತ್ತದೆ.

ಕಿಟಕಿಯಲ್ಲಿ ಕೊಬ್ಬರಿ ಎಣ್ಣೆ ಆಗಲೇ ಅರ್ಧ ಹೆಪ್ಪುಗಟ್ಟಿತ್ತು.
ಸೀಸೆಯನ್ನು ಕಂಕುಳಲ್ಲಿ ಇಟ್ಟುಕೊಂಡು
ತೇನ್ಮೊಳಿಯ ಹಿಮ್ಮಡಿಗೆಂದು
ಕರಗಿಸುತ್ತಾ ಕೂತೆ.