ಒಂದೇ ಟಿಕ್

ಶಹಾಬಾದಿನ ಬಂದ್ ಬಿದ್ದ ಕಾರ್ಖಾನೆಯ ಅಂಗಳ.
ತೊಗರಿಹೊಟ್ಟು ತುಂಬಿದ ಚೀಲಗಳೇ ತಿರುವಿನ ಗೋಡೆ.

ಅಪ್ಪ ಲಾರಿ ಗಾಲಿ ಬಿಗಿಯುವ ರೀತಿ ಬೇರೆ:
ಪಾನಾಕ್ಕೆ ಪೈಪು ಸಿಗಿಸಿ, ಮೇಲೆ ಹತ್ತಿ ನಿಂತು
ಮೈಭಾರವೆಲ್ಲ ಇಳಿಸಿ,
“ಇನ್ನ ಇದು ನನ್ನ ಮಗಳ ಮದುವಿತನಾ ಬಿಚ್ಚಂಗಿಲ್ಲ.”

ರುಕ್ಮೋದ್ದೀನ್ ಚಾಚಾ ಅದನ್ನು ಮರೆಸಲು ಒಂದು ತಿಂಗಳು ಹಿಡಿಯಿತು.
ಮೊದಲು ಎಳೆ ಒರಸು, ಧೂಳು ಸುಳ್ಳು ಹೇಳತದ,
ಎಣ್ಣಿ ಅದಕ್ಕಿಂತ ಸಿಹಿ ಸುಳ್ಳು.
ಬೆರಳಿಂದಲೇ ತಿರುವು, ತಾನಾಗಿ ಒಳಗ ಹೋಗೋತನಕ.
ಆಮ್ಯಾಲ ಒಂದು ಬಿಟ್ಟು ಒಂದು, ಚುಕ್ಕಿ ಬರದಂಗ.
ಪಕ್ಕದ್ದಕ್ಕ ಹೋಗಬ್ಯಾಡ, ಗಾಲಿ ಸೊಟ್ಟ ಕೂಡತದ.

ಜಾಕಿ ಇಳಿದು ಗಾಲಿ ನೆಲ ಕಂಡ ಮೇಲೆ
ಟಾರ್ಕ್ ಪಾನಾ. ಟಿಕ್.
ಸಾಕು. ಎರಡನೇ ಟಿಕ್ ನಟ್ಟಿಗಲ್ಲ,
ನಿನ್ನ ಅಂಜಿಕಿಗೆ.

ಮೂರು ಸುತ್ತು ಹಾಕಿ ಶಾಂತಮಲ್ಲ ಬಂದ,
ಹೆಲ್ಮೆಟ್ಟಿನೊಳಗೆ ನಗುತ್ತ.
ಗಾಲಿ ಆರುವ ತನಕ ಕಾದೆ.
ಎಡಗಡೆ ಹಿಂದಿನದು, ಎರಡನೇ ನಟ್ಟು
ಟಿಕ್ ಅನ್ನುವ ಮೊದಲು
ಕೂದಲೆಳೆಯಷ್ಟು ತಿರುಗಿತು.
ಯಾರಿಗೂ ಹೇಳಲಿಲ್ಲ.
ಹಳದಿ ಬಣ್ಣದ ಗೆರೆ ಒರೆಸಿ ಮತ್ತೆ ಎಳೆದೆ.

ರಾತ್ರಿ ಅಪ್ಪನ ಕೈಗೆ ಆ ಪಾನಾ ಕೊಟ್ಟೆ.
ಟಿಕ್ ಎಂದಿತು.
ಹೌಹಾರಿ ಕೈಬಿಟ್ಟ:
“ಮುರೀತೇನಬೇ?”