ಎಷ್ಟನೇ ಹೊಲಿಗಿಗೆ

ಬೆಂಗೇರ್ಯಾಗ ನಮ್ಮ ಹೊಲಿಗಿ ಮನಿ ಎದುರಿಗೆ
ಚನಬಸ್ಯಾನ ಚಾದಂಗಡಿ,
ಅದರ ಮ್ಯಾಲಿನ ಖೋಲ್ಯಾಗ ಬ್ಯಾಂಡಿನ ದಾವಲಸಾಬ.
ಆಗಸ್ಟ್ ಬಂತಂದರ ಅವಗೂ ಪುರಸೊತ್ತಿಲ್ಲ, ನಮಗೂ ಇಲ್ಲ.

ಮೊನ್ನೆ ಮುಂಜಾನೆ ಹೊಸ ಹುಡುಗನ ಕೈಗೆ
ಕ್ಲಾರಿನೆಟ್ ಕೊಟ್ಟು ರಾಷ್ಟ್ರಗೀತೆ ಕಲಸಾಕ ಕುಂತ.
ಮೊದಲ ಸ್ವರಕ್ಕ
ಕೆಳಗ ಗಿರಮಿಟ್ ತಿನ್ನೂ ಮಂದಿ ಎದ್ದು ನಿಂತರು.
ಎರಡನೇ ಸಾಲಿಗೆ ಹುಡುಗ ತಪ್ಪಿದ.
ಕುಂತರು.
ಮತ್ತ ಮೊದಲಿಂದ.
ಮತ್ತ ಎದ್ದರು.
ಮಿರ್ಚಿ ತಣ್ಣಗಾದವು, ಚಾದ ಮ್ಯಾಲ ಕೆನಿ ಕಟ್ಟಿತು.
ಐದನೇ ಸಲಕ್ಕ
ಗೊಬ್ಬರದಂಗಡಿ ಮುದಕಪ್ಪ ಏಳಲಿಲ್ಲ.

ಅಷ್ಟಕ್ಕ ಹತ್ತಿಕೊಂಡಿತು.

ಏಳಪಾ, ದೇಶದ ಹಾಡು ಐತಿ,
ಅಂದರು ಕವಳಿಕಾಯಿ ಡ್ರಿಲ್ ಮಾಸ್ತರು.
ಹಾಡೆಲ್ಲೈತ್ರೀ, ಇನ್ನೂ ಕಲಿಯಾಕತ್ತಾನ,
ಹಿಟ್ಟಿಗೆ ರೊಟ್ಟಿ ಅಂತಾರೇನು?
ಹಿಟ್ಟಾದರ ತುಳೀತಾರೇನು?
ನಾ ಎಲ್ಲೆ ತುಳದೆ, ಕುಂತೇನಷ್ಟ.
ವಿಮೆ ಕಂಪನಿ ವಿನಾಯಕ ಮೊಬೈಲಿನಾಗ ಕಾಯಿದೆ ಹುಡಕಿದ,
ಗಾಲಿ ತಿರಿಗೇ ತಿರಿಗಿತು.
ಯಾರೋ ವಿಡಿಯೋ ಹಿಡದರು.
ಮುದಕಪ್ಪ ಕುಂತದ್ದು ಅದರಾಗ ಐತಿ.
ನಾಕು ಸಲ ಎದ್ದದ್ದು ಇಲ್ಲ.

ನಾ ಕಿಡಕ್ಯಾಗಿಂದ ನೋಡಾಕತ್ತಿದ್ದೆ
ಪೆಡಲಿನ ಮ್ಯಾಲ ಕಾಲಿಟ್ಟು.
ನಿಂತ ಹೊಲಿಯಾಕ ಬರೂದಿಲ್ಲ ನೋಡ್ರಿ, ಈ ಬಾವುಟಾನೂ.
ಹದಿನೇಳು ವರ್ಷ ಕುಂತಾ ಹೊಲದೀನಿ.

ಗರಗದಿಂದ ಥಾನು ಬರತೈತಿ, ಬಿಳೇದು.
ಆಗ ಅದು ಬರೇ ಬಟ್ಟಿ,
ಅದರ ಮ್ಯಾಲ ಬುತ್ತಿ ಗಂಟು ಇಟ್ಟೀವಿ.
ಬಣ್ಣಕ್ಕ ಹಾಕಿ ಒಣಗಿಸಿದ ಮ್ಯಾಲೂ ಬಟ್ಟೀನ:
ಕೇಸರಿ ಒಂದು ರಾಶಿ, ಹಸರ ಒಂದು ರಾಶಿ.
ಹಸರಿನ ರಾಶಿಯಾಗ ಒಂದ್ಸಲ ಬೆಕ್ಕು ಮರಿ ಹಾಕಿತ್ತು,
ಯಾರೂ ಸಿಟ್ಟಾಗಲಿಲ್ಲ,
ಶಾಕವ್ವ ಬಟ್ಟಲದಾಗ ಹಾಲು ತಂದಿಟ್ಟಳು.
ಆಮ್ಯಾಲ ಮೂರೂ ಕೂಡಸಿ ಸೂಜಿ ಕೆಳಗ ತಳ್ಳತೀನಿ.

ಎಷ್ಟನೇ ಹೊಲಿಗಿಗೆ?

ಸೂಜಿ ಇಳದಾಗ ಬಟ್ಟಿ ಇತ್ತು,
ಏರಿದಾಗ ಬಾವುಟ ಆಗಿತ್ತು, ಅನ್ನೂ ಆ ಒಂದು ಹೊಲಿಗಿ
ಕಣ್ಣ ಪಿಸಿಯದಂಗ ನೋಡಿದರೂ ನನಗ ಸಿಕ್ಕಿಲ್ಲ.
ಆದರ ನಡುವ ಎಲ್ಲೋ
ಕೈ ತಾವ ಹಗುರ ಆಗತಾವ.
ತೊಡಿ ಮ್ಯಾಲಿಂದ ಅದು ಜಾರಿದರ
ಜೀವ ಝಲ್ ಅಂತೈತಿ.
ಇದನ್ನ ಯಾರೂ ಕಲಿಸಿಲ್ಲ,
ಬಾಜೂಕ ನಿಂತು ಯಾರೂ ಎಣಿಸಿಲ್ಲ.

ಚಕ್ರದ ಗೆರಿ ಆ ಕಡೆ ಈ ಕಡೆ ಕೂಡದಿದ್ದರ,
ಅಳತಿ ಒಂದು ನೂಲು ಸರದರ, ವಾಪಸ್.
ಬ್ಲೇಡ್ ಹಿಡದು ಬಿಚ್ಚತೀನಿ.
ಬಿಚ್ಚುವಾಗಂತೂ ಕೇಳಬ್ಯಾಡ್ರಿ,
ಎಷ್ಟನೇ ಹೊಲಿಗಿಗೆ ಅದು ತಿರಗಿ ಬಟ್ಟಿ ಆಗಬೇಕು?
ನಡುವ ಒಂದ್ಸಲ ನೀರು ಕುಡದು ಬರತೀನಿ.

ಸಂಜೀಕ ಹೊರಗ ಬಂದರ
ಮುದಕಪ್ಪನ ಅಂಗಡಿ ಮುಂದ ಪಾಲಿಸ್ಟರಿನ ಬಾವುಟ,
ಶಟರ್ಸಿಗಿಂತ ಅಗಲ.
ಹಸರಿನ ಅಂಚಿಗೆ ಹೊಲಿಗಿ ಓರೆ ಓಡೇತಿ.
ನಾ ಅದನ್ನ ನೋಡೂದನ್ನ ಅಂವ ನೋಡಿದ,
ತಕ್ಕಡಿ ಒರಸಾಕ ಹತ್ತಿದ.
ಬೆಳಿಗ್ಗೆಯಷ್ಟೇ ಒರಸಿದ್ದ.

ಚನಬಸ್ಯಾ ಬಾಂಕು ತಿರುವಿ ಹಾಕಿ ಮನಿಗೆ ಹೋಗಿದ್ದ.
ವಾದ ಮಾಡಿದವರು ಒಬ್ಬರೂ ಇರಲಿಲ್ಲ.
ಮ್ಯಾಲ ಮಾತ್ರ ಹುಡುಗ ಊದಾಕತ್ತಿದ್ದ,
ಎರಡನೇ ಸಾಲು ದಾಟಿದ,
ಮೂರನೇದೂ.
ನಾ ನಿಂತಿದ್ದೆ. ಬಸ್ಸಿಗೆ.
ಬಸ್ ಬಂತು. ಕೈ ಮಾಡಲಿಲ್ಲ.
ಹೋಗಲಿ, ಇನ್ನ ಒಂದ ಸಾಲು ಐತಿ,
ಅಂದುಕೊಂಡೆ.

ಕಟ್ಟಕಡೀ ಸ್ವರಕ್ಕ ಕ್ಲಾರಿನೆಟ್ ಕೀಂವ್ ಅಂತು.
ದಾವಲಸಾಬ ಬೈಯಲಿಲ್ಲ.
ಮೊದಲಿಂದ ಅಂದ.
ದೂರ, ತಿರುವಿನಾಗ
ಇನ್ನೊಂದು ಬಸ್ಸಿನ ದೀಪ ಕಂಡವು.